ಸೈತಾನನ ತಲೆಗೆ ಕಟ್ಟಿದ ತಪ್ಪು

ನಮ್ಮಪ್ಪ ಹದಿನಾಲ್ಕು ವರ್ಷ ಸೈತಾನನಾಗಿದ್ದರು. ನಮ್ಮೂರಿನ ಚರ್ಚಿನ ಅಂಗಳದಲ್ಲಿ ಈಸ್ಟರಿಗೆ ಮುಂಚೆ ಆಡುತ್ತಿದ್ದ ನಾಟಕದಲ್ಲಿ ಆ ಪಾತ್ರ ಅವರಿಗೇ ಮೀಸಲು. ದೊಡ್ಡ ಕಂಠ, ಮೈಕು ಕೈಕೊಟ್ಟರೂ ಕೊನೆಯ ಸಾಲಿನವರಿಗೆ ಕೇಳುತ್ತಿತ್ತು. ದೇವರಿಗೆ ಆ ನಾಟಕದಲ್ಲಿ ಮಾತೇ ಕಡಿಮೆ. ಪರದೆಯ ಹಿಂದಿನಿಂದ ಒಂದು ಬಿಳಿ ಬೆಳಕು ಬಿಟ್ಟರೆ ಮುಗಿಯಿತು. ಸೈತಾನನಿಗಾದರೆ ಕಿರೀಟ, ಕಪ್ಪು ಬಟ್ಟೆ, ಪುಟಗಟ್ಟಲೆ ಡೈಲಾಗು. ಶಿಳ್ಳೆ ಬೀಳುತ್ತಿದ್ದುದೂ ಅವನಿಗೇ. ಆಟ ಮುಗಿದ ಮೇಲೆ ಅಪ್ಪ ಕೊಬ್ಬರಿ ಎಣ್ಣೆ ಹಚ್ಚಿ ಮುಖದ ಬಣ್ಣ ಒರೆಸಿಕೊಳ್ಳುತ್ತಾ, "ಇರೋ ಬರೋ ಕೆಟ್ಟದ್ದೆಲ್ಲ ನನ್ ಮೇಲೆ ಹಾಕ್ಬಿಟ್ಟು ಆರಾಮಾಗಿ ಮನೆಗೋಗ್ತಾರೆ ನೋಡು" ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಈಗ ನನಗೆ ಐವತ್ತೆರಡು. ಮದುವೆ ಆಗಲಿಲ್ಲ, ಯಾಕೆ ಅಂತ ಕೇಳುವವರೂ ಈಗ ಉಳಿದಿಲ್ಲ. ಲಗ್ಗೆರೆಯಲ್ಲಿ ಎರಡನೇ ಮಹಡಿಯ ಒಂದು ರೂಮು, ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಕೆಲಸ. ತಗಡನ್ನು ಪ್ರೆಸ್ ಮೆಷಿನ್ನಿನಲ್ಲಿ ಒತ್ತಿ ಬ್ರಾಕೆಟ್ ಮಾಡುತ್ತೇವೆ. ಪ್ರೆಸ್ಸಿಗೆ ಎರಡು ಬಟನ್ನು ಇರುತ್ತವೆ, ಎಡಗೈಗೊಂದು, ಬಲಗೈಗೊಂದು. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಭಾರ ಕೆಳಗಿಳಿಯುತ್ತದೆ. ಎರಡು ಕೈಯೂ ಬಟನ್ನಿನ ಮೇಲಿದ್ದರೆ ಬೆರಳು ಒಳಗಿರುವುದಿಲ್ಲ, ಇದು ಅದರ ಲೆಕ್ಕಾಚಾರ. ಆದರೆ ಹಾಗೆ ಮಾಡಿದರೆ ಕೆಲಸ ನಿಧಾನ. ಅದಕ್ಕೇ ಹಳೇ ಮೆಷಿನ್ನುಗಳಲ್ಲಿ ಒಂದು ಬಟನ್ನನ್ನು ಸೈಕಲ್ ಟ್ಯೂಬಿನ ತುಂಡಿನಿಂದ ಬಿಗಿದು, ಸದಾ ಒತ್ತಿದಂತೆಯೇ ಇಡುವುದುಂಟು. ಆಗ ಒಂದು ಕೈಯಲ್ಲಿ ತಗಡು ಇಡಬಹುದು, ಇನ್ನೊಂದರಲ್ಲಿ ಒತ್ತಬಹುದು. ತಪ್ಪು ಅಂತ ಎಲ್ಲರಿಗೂ ಗೊತ್ತು. ನನಗಂತೂ ಚೆನ್ನಾಗಿಯೇ ಗೊತ್ತಿತ್ತು.

ಹೋದ ಗಣೇಶನ ಹಬ್ಬದ ಹಿಂದಿನ ವಾರ ಮಾಲು ಕಳಿಸುವ ಅವಸರ. ಮೂರನೇ ಮೆಷಿನ್ನಿನ ಎಡಗಡೆಯ ಬಟನ್ನಿಗೆ ನನ್ನ ಕೈಯಾರೆ ಟ್ಯೂಬು ಬಿಗಿದೆ. ಅಲ್ಲಿ ನಿಂತಿದ್ದವನು ರಾಯಚೂರು ಕಡೆಯ ಹುಡುಗಾಟವಿಲ್ಲದ ಮನುಷ್ಯ, ಊಟದ ಡಬ್ಬಿ ತೆರೆಯುವ ಮುನ್ನ ಕಣ್ಣು ಮುಚ್ಚಿ ಯೇಸುವಿಗೆ ವಂದಿಸುತ್ತಿದ್ದವನು. ಟ್ಯೂಬು ಹಾಕಿದ್ದನ್ನು ಅವನಿಗೆ ಹೇಳಲೇ ಇಲ್ಲ. ಟೀ ಬ್ರೇಕಿನಲ್ಲಿ ಹಾಕಿದೆ, ಬಂದ ಕೂಡಲೇ ಹೇಳಿದರಾಯಿತು ಅಂದುಕೊಂಡೆ, ಅಷ್ಟರಲ್ಲಿ ಫೋನು ಬಂತು. ಅವನು ಎಡಗೈಯಲ್ಲಿ ತಗಡು ಸರಿಮಾಡುತ್ತಾ ರೂಢಿಯಂತೆ ಬಲಗೈಯನ್ನು ಬಟನ್ನಿನ ಮೇಲೆ ಇಟ್ಟ. ಭಾರ ಇಳಿದು ಎಡಗೈಯ ಎರಡು ಬೆರಳು ಹೋದವು. ಅವನನ್ನು ಆಸ್ಪತ್ರೆಗೆ ಸಾಗಿಸುವ ಗದ್ದಲದಲ್ಲಿ ನಾನು ಮಾಡಿದ ಮೊದಲ ಕೆಲಸ, ಟ್ಯೂಬು ಬಿಚ್ಚಿ ಜೇಬಿಗೆ ಹಾಕಿಕೊಂಡದ್ದು. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತದೆ.

ಆಮೇಲೆ ಕಾರಣ ಹುಡುಕುವ ಕಷ್ಟ ಯಾರಿಗೂ ಬರಲಿಲ್ಲ. ಮಾಲೀಕರು ದೃಷ್ಟಿ ಅಂದರು, ಮೆಷಿನ್ನಿಗೆ ಬೂದುಗುಂಬಳ ಒಡೆಸಿದರು. ಗಾಯಗೊಂಡವನು ಹೋಗುತ್ತಿದ್ದ ಪ್ರಾರ್ಥನಾ ಸಭೆಯವರು ಸೈತಾನನ ಕೆಲಸ ಅಂದರು. ಗಾಯ ವಾಸಿಯಾದ ಮೇಲೆ ಅವನನ್ನು ಗೇಟಿನಲ್ಲಿ ಕಾವಲಿಗೆ ಕೂರಿಸಿದರು. ದಿನಾ ಬೆಳಿಗ್ಗೆ ಎದ್ದು ನಿಂತು, "ನಮಸ್ಕಾರ್ರೀ ಸರ" ಅನ್ನುತ್ತಿದ್ದ. ನಾನು ತಲೆಯಾಡಿಸಿ ಒಳಗೆ ಹೋಗುತ್ತಿದ್ದೆ. ಮಾತಾಡಲು ಬೇರೆ ಯಾರೂ ಇಲ್ಲದ ನನಗೆ ದಿನದ ಮೊದಲ ಮಾತೇ ಅದು.

ಚಿಕ್ಕಂದಿನಲ್ಲಿ ಧರ್ಮೋಪದೇಶದ ತರಗತಿಯಲ್ಲಿ ನಾನೊಂದು ಅಧಿಕಪ್ರಸಂಗದ ಪ್ರಶ್ನೆ ಕೇಳಿದ್ದೆ: ದೇವರು ಅಷ್ಟು ಶಕ್ತಿವಂತನಾದರೆ ಸೈತಾನನನ್ನು ಒಂದೇ ಏಟಿಗೆ ಯಾಕೆ ಮುಗಿಸಲಿಲ್ಲ? ಸಿಸ್ಟರು, "ನೀನು ದೊಡ್ಡೋನಾದ್ಮೇಲೆ ಗೊತ್ತಾಗತ್ತೆ, ಕೂತ್ಕೋ" ಅಂದಿದ್ದರು. ಗೊತ್ತಾದದ್ದು ಇಷ್ಟೇ: ಅವನನ್ನು ಮುಗಿಸಿದ್ದರೆ ನಮ್ಮಂಥವರಿಗೆ ಬಹಳ ತೊಂದರೆಯಾಗುತ್ತಿತ್ತು. ಫಾದರ್ ಮುಂದೆ ತಪ್ಪೊಪ್ಪಿಕೊಳ್ಳುವ ಪಾಪನಿವೇದನೆಗೂ ನಾನು ಹೋಗಲಿಲ್ಲ. ದೇವರು ಕ್ಷಮಿಸಿಬಿಟ್ಟರೆ ಗೇಟಿನಲ್ಲಿ ಕೂತವನಿಗೆ ಹೇಳುವುದು ಇನ್ನಷ್ಟು ಸುಲಭವಾಗಿ ಮರೆತುಹೋಗುತ್ತದೆ ಎಂಬ ಭಯ.

ಈಸ್ಟರ್ ಬೆಳಗಿನ ಪೂಜೆಯಲ್ಲಿ ಫಾದರ್ ನಮ್ಮನ್ನೆಲ್ಲ ನಿಲ್ಲಿಸಿ, ಸೈತಾನನನ್ನೂ ಅವನ ಕೆಲಸಗಳನ್ನೂ ತೊರೆಯುತ್ತೀರಾ ಎಂದು ಕೇಳುತ್ತಾರೆ. ಪ್ರತಿ ವರ್ಷದ ಪದ್ಧತಿ. ಹಸುಗೂಸಾಗಿದ್ದಾಗ ದೀಕ್ಷಾಸ್ನಾನದಲ್ಲಿ ನಮ್ಮ ಪರವಾಗಿ ಬೇರೆಯವರು ಕೊಟ್ಟ ಮಾತನ್ನು ನಾವೇ ಮತ್ತೆ ಕೊಡುವುದು. ಈ ಸಲ ನನ್ನ ಬಾಯಿ ತೆರೆಯಲಿಲ್ಲ. ಅವನ ಕೆಲಸ ಯಾವುದು, ನನ್ನದು ಯಾವುದು? ಅಕ್ಕಪಕ್ಕದವರೆಲ್ಲ ಗಟ್ಟಿಯಾಗಿ ತೊರೆಯುತ್ತೇವೆ ಅಂದರು. ನಾನು ಸುಮ್ಮನಿದ್ದದ್ದು ಒಬ್ಬರಿಗೂ ತಿಳಿಯಲಿಲ್ಲ. ಹೊಸ ಬಟ್ಟೆ ಹಾಕಿಕೊಂಡ ಅಷ್ಟು ಜನರ ನಡುವೆ ನಿಂತು ನನಗೆ ಅಳು ಬಂತು.

ಅಲ್ಲಿಂದ ಸೀದಾ ಗೇಟಿನವನ ಮನೆಗೆ ಹೋದೆ, ಕೈಯಲ್ಲೊಂದು ಕೇಕಿನ ಪೊಟ್ಟಣ. ಅವನಿನ್ನೂ ಸಭೆಯಿಂದ ಬಂದಿರಲಿಲ್ಲ. ಅವನ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

"ನೀವು ಹೋಗಿಲ್ವೇನಮ್ಮ?" ಎಂದೆ.

"ಹೋಗಿ ನಡುವ ಎದ್ದು ಬಂದೇನ್ರಿ. ಹಿಂದ ಚಪ್ಪಲಿ ಬಿಡೂ ಜಾಗಾದಾಗ ನನ್ನ ಕುಂದರಸ್ತಾರ, ಎಲ್ಲಾರಿಗೂ ಕೊಡೂ ರೊಟ್ಟಿ-ದ್ರಾಕ್ಷಾರಸ ನನಗ ಕೊಡಂಗಿಲ್ಲ. ನನ್ನ ಟ್ರಂಕಿನ್ಯಾಗ ನಮ್ಮವ್ವ ಕೊಟ್ಟ ತವರುಮನಿ ದೇವ್ರ ಫೋಟೊ ಇತ್ರಿ. ಅದರ ದೆಸಿಂದ ಸೈತಾನ ಮನಿ ಹೊಕ್ಕು ಇವರ ಬೆರಳ ತಿಂದನಂತ."

ಕೇಕು ಅವಳ ಕೈಗೆ ಕೊಟ್ಟೆ. ಟ್ಯೂಬಿನ ವಿಷಯ ಹೇಳದೆ ಮೆಟ್ಟಿಲಿಳಿದೆ. ನನ್ನ ತಪ್ಪು ಸೈತಾನನ ಮೇಲೆ ನಿಂತಿದೆ ಅಂದುಕೊಂಡು ನಾನು ಇಷ್ಟು ದಿನ ಇದ್ದೆ. ಅದು ಅವನನ್ನೂ ದಾಟಿ ಇವಳ ಮೇಲೆ ಬಂದು ಕೂತಿತ್ತು.

ಎರಡು ವಾರ ಒದ್ದಾಡಿದೆ. ಮೂರನೇ ಭಾನುವಾರ ಅವರ ಸಭೆಗೇ ಹೋದೆ. ಹಾರ್ಡ್‌ವೇರ್ ಅಂಗಡಿಯ ಮೇಲಿನ ಹಾಲ್, ತಗಡಿನ ಮಾಡು, ಪ್ಲಾಸ್ಟಿಕ್ ಕುರ್ಚಿಗಳು. ಹಾಡು ಮುಗಿದ ಮೇಲೆ ಅಲ್ಲಿ ಯಾರು ಬೇಕಾದರೂ ಎದ್ದು ಸಾಕ್ಷಿ ಹೇಳಬಹುದು. ಕಾಯಿಲೆ ವಾಸಿಯಾದದ್ದು, ಕುಡಿತ ಬಿಟ್ಟದ್ದು, ಹೀಗೆ. ನಾನೂ ಎದ್ದೆ. ಟ್ಯೂಬು ಬಿಗಿದದ್ದು, ಹೇಳದೆ ಇದ್ದದ್ದು, ಬಿಚ್ಚಿ ಜೇಬಿಗಿಟ್ಟದ್ದು, ಎಲ್ಲ ಹೇಳಿದೆ. "ಇದು ನಾನ್ ಮಾಡಿದ್ದು. ಆಯಮ್ಮಂದೇನೂ ತಪ್ಪಿಲ್ಲ" ಎಂದೆ.

ಪಾಸ್ಟರ್ ಓಡಿ ಬಂದು ನನ್ನ ತಲೆಯ ಮೇಲೆ ಕೈಯಿಟ್ಟರು. ಕೆಟ್ಟ ಮನುಷ್ಯರಲ್ಲ, ಅವರ ಕಣ್ಣಲ್ಲಿ ನೀರಿತ್ತು. "ಬ್ರದರ್, ಇದು ನೀವಲ್ಲ, ನಿಮ್ಮೊಳಗೆ ಹೊಕ್ಕಿರೋನು! ಸೈತಾನನೇ, ಬಿಟ್ಟು ತೊಲಗು!" ಇನ್ನೂ ನಾಲ್ಕೈದು ಕೈಗಳು ನನ್ನ ತಲೆ, ಹೆಗಲ ಮೇಲೆ ಬಿದ್ದವು. ಎಲ್ಲರೂ ಕೂಗುತ್ತಿದ್ದರು. "ನಾನೇ, ನಾನೇ" ಅನ್ನುತ್ತಿದ್ದೆ. ಯಾರಿಗೂ ಕೇಳಲಿಲ್ಲ. ಇಷ್ಟು ವರ್ಷಗಳಲ್ಲಿ ಒಟ್ಟಿಗೆ ಅಷ್ಟು ಜನ ನನ್ನನ್ನು ಮುಟ್ಟಿದ್ದೇ ಇಲ್ಲ, ಆದರೂ ಅಷ್ಟು ಒಂಟಿತನ ನನಗೆ ಎಂದೂ ಆಗಿರಲಿಲ್ಲ.

ಚಪ್ಪಲಿಗಳ ಪಕ್ಕದಿಂದ ಅವಳು ಎದ್ದು ಬಂದಳು.

"ಅಯ್ಯಾರ, ಕೈ ತಗೀರಿ. ಅವರು ತಾವ ಮಾಡೇನಿ ಅನ್ನಾಕತ್ತಾರ, ಒಂದೀಟು ಕೇಳ್ರಿ."

ಕೂಗು ನಿಂತಿತು. ಅವಳು ಗಂಡನ ಕಡೆ ತಿರುಗಿದಳು. "ಈಗರ ಹೇಳ್ರಿ, ನಾನಲ್ಲಂತ."

ಅವನು ಕುರ್ಚಿಯಿಂದ ಎದ್ದ. ಆಮೇಲೆ, "ನೀ ಅಲ್ಲ" ಅಂದ. ಮೆಲ್ಲಗೆ ಅಂದ, ಆದರೂ ಅಲ್ಲಿದ್ದವರಿಗೆಲ್ಲ ಕೇಳಿಸಿತು. ನಂತರ ನನ್ನನ್ನು ನೋಡಿದ. ಕೋಪವಿರಲಿಲ್ಲ, ಇದ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಎಂಟು ತಿಂಗಳಾತ್ರಿ ಸರ" ಅಂದ. "ಎಂಟು ತಿಂಗಳು ಆಕಿ ಕೈಯಾನ ಅಡಗಿ ನಾ ಉಂಡಿಲ್ಲ. ಖಾನಾವಳ್ಯಾಗ ಉಂಡೇನಿ. ಆಕಿ ದಿನಾ ಮಾಡಿ ಇಡ್ತಿದ್ಲು."

ಅವಳು ಅವನಿಗೆ ಕಾಯದೆ ಮೆಟ್ಟಿಲಿಳಿದು ಹೋದಳು. ಅವನು ಹಿಂದೆಯೇ ಓಡಿದ. ಅವತ್ತು ಮಧ್ಯಾಹ್ನ ಅವಳು ಅವನಿಗೆ ಬಡಿಸಿದಳೋ ಇಲ್ಲವೋ, ಕೇಳುವ ಹಕ್ಕು ನನಗಿರಲಿಲ್ಲ.