ಮೂವತ್ತಮೂರು ಅನಾರಸ, ಕಾಲು ಹೊಟ್ಟೆ

ಹುಣ್ಣಿನ ದೆಸೆಯಿಂದ ನನ್ನ ಜಠರದ ಮುಕ್ಕಾಲು ಪಾಲನ್ನು ಡಾಕ್ಟರರು ಕೊಯ್ದು ತೆಗೆದಾಗ ನನಗೆ ಮೂವತ್ತೊಂದು ವರ್ಷ. ಅದಕ್ಕೂ ಮೊದಲು ನಾನು ಉಣ್ಣುವುದರಲ್ಲಿ ಹೆಸರುವಾಸಿ. ಮುಂಬಯಿಯಲ್ಲಿದ್ದ ನಮ್ಮ ಧಾರವಾಡದ ಕಡೆಯ ಮನೆಗಳಲ್ಲಿ ಎಂ.ಎ. ಪದವಿಗಿಂತ ಹೆಚ್ಚಿನ ಮರ್ಯಾದೆಯನ್ನು ನನಗೆ ತಂದುಕೊಟ್ಟದ್ದು ಒಂದು ಮದುವೆಯಲ್ಲಿ ತಿಂದ ಇಪ್ಪತ್ತೆರಡು ಹೋಳಿಗೆ. ಇಪ್ಪತ್ತೆರಡು ಎಂದು ನಾನೇ ಹೇಳುತ್ತ ಬಂದಿದ್ದೇನೆ. ಆ ದಿನದ ಡೈರಿಯಲ್ಲಿ ಹದಿನಾಲ್ಕು ಎಂದಿದೆ. ಉಳಿದ ಎಂಟನ್ನು ಆಮೇಲೆ ಯಾವಾಗ ತಿಂದೆನೋ ತಿಳಿಯದು.

ಆಪರೇಷನ್ ಆದ ಮೇಲೆ ದಿನಕ್ಕೆ ಆರು ಸಲ ಊಟ, ಸಲಕ್ಕೊಂದು ಸಣ್ಣ ಬಟ್ಟಲು. ಊಟದ ಜೊತೆ ನೀರು ಕುಡಿಯುವಂತಿಲ್ಲ. ಸಿಹಿಯಂತೂ ಕೂಡದು, ತಿಂದ ಕಾಲು ತಾಸಿನಲ್ಲಿ ಬೆವರು, ಎದೆಬಡಿತ, ಕಣ್ಣಿಗೆ ಕತ್ತಲೆ. ಆದರೆ ಹೊಟ್ಟೆ ಹೋದರೂ ಆಸೆ ಹೋಗಿರಲಿಲ್ಲ. ಮೊದಲ ತುತ್ತಿಗೆ ನಾನು ಹಳೆಯ ಮನುಷ್ಯನೇ. ಆರನೆಯ ತುತ್ತಿಗೆ ಎದೆಯ ಮಟ್ಟಕ್ಕೆ ಗೋಡೆ ಎದ್ದು ನಿಲ್ಲುತ್ತಿತ್ತು. ಮಾಟುಂಗದ ಹೋಟೆಲಿನಲ್ಲಿ ಒಂದು ಇಡ್ಲಿ ಉಳಿಸಿ ಎದ್ದರೆ, ಗಲ್ಲಾಪೆಟ್ಟಿಗೆಯ ಮುಂದಿದ್ದ ಉಡುಪಿಯ ಮಾಲಕರು "ಎಂಥ ಮಾರಾಯ್ರೆ, ನಮ್ಮಿಂದ ಏನು ತಪ್ಪಾಯ್ತು?" ಎಂದು ಮುಖ ಸಪ್ಪೆ ಮಾಡಿಕೊಳ್ಳುತ್ತಿದ್ದರು. ಆಫೀಸಿನಲ್ಲಿ ನಾನು ಎರಡು ತಾಸಿಗೊಮ್ಮೆ ಡಬ್ಬಿ ತೆರೆಯುವುದನ್ನು ಕಂಡವರು, ಆಪರೇಷನ್ನಿನಿಂದ ಇವನ ಹಸಿವು ಹೆಚ್ಚಾಗಿದೆ ಎಂದು ತೀರ್ಮಾನಿಸಿದ್ದರು.

ಇಷ್ಟರ ಮಟ್ಟಿಗೆ ನಗಬಹುದಿತ್ತು. ನಗಲಾಗದ ಸಂಗತಿಯೆಂದರೆ, ನಾನು ಬಡಕಲಾದದ್ದರ ಅಪರಾಧ ನನ್ನ ಹೆಂಡತಿಯ ತಲೆಗೆ ಬಂದಿತ್ತು. ಗೂಟಕ್ಕೆ ಅಂಗಿ ತೂಗುಹಾಕಿದ ಹಾಗೆ ಕಾಣುತ್ತಿದ್ದ ನನ್ನನ್ನು ನೋಡಿದ ನೆಂಟರು ಆಪರೇಷನ್ ನೆನೆಯಲಿಲ್ಲ. "ಆಕಿ ನೆಟ್ಟಗ ಬಡಸೂದಿಲ್ಲೋ ಏನೋ" ಎಂದರು. ಸಯನ್‌ನಲ್ಲಿದ್ದ ಅವಳ ತಾಯಿಯೇ ಹಾಗೆ ಅಂದರೆಂದು ಕಿವಿಗೆ ಬಿದ್ದ ದಿನ ಹೆಂಡತಿ ತಿಕ್ಕಿಟ್ಟ ಪಾತ್ರೆಗಳನ್ನೇ ಮತ್ತೆ ತಿಕ್ಕಿದಳು. ವಡಾಲದ ನಮ್ಮ ಎರಡು ಕೋಣೆಗಳಿಗೆ ಆ ಸದ್ದು ತೀರ ದೊಡ್ಡದಾಯಿತು.

ಆ ವರ್ಷ ಅಧಿಕಮಾಸ ಬಂತು. ಅಳಿಯನನ್ನು ಕರೆದು ಮೂವತ್ತಮೂರು ಅನಾರಸ ದಾನ ಕೊಡುವ ತಿಂಗಳು. ಅಕ್ಕಿಹಿಟ್ಟು, ಬೆಲ್ಲ, ಗಸಗಸೆ, ತುಪ್ಪ: ಡಾಕ್ಟರರು ಬೇಡವೆಂದದ್ದನ್ನೆಲ್ಲ ಒಂದೇ ಬಿಲ್ಲೆಯಲ್ಲಿ ಸೇರಿಸಿ ಕರಿದ ತಿಂಡಿ ಅದು. ಸಯನ್‌ನ ಮನೆಯಲ್ಲಿ ನೆಂಟರೆಲ್ಲ ಸೇರಿದ್ದರು. ಅತ್ತೆ ತಾಟಿನಲ್ಲಿ ಅನಾರಸ ಜೋಡಿಸಿ, ದೀಪವಿಟ್ಟು, ನನ್ನ ಕೈಗೆ ಕೊಟ್ಟರು. ಅಲ್ಲಿಗೆ ದಾನ ಮುಗಿಯಿತು. ಅತ್ತೆ ಮಾತ್ರ ಅಲ್ಲಿಂದ ಏಳಲಿಲ್ಲ.

"ಈಗ ತಿನ್ರಿ. ನನ್ನ ಕಣ್ಣ ಮುಂದ ತಿನ್ರಿ. ಮನ್ಯಾಗ ಏನ ಸಿಗತದೋ ಏನೋ."

ಹೆಂಡತಿಯ ಮುಖ ಕೆಂಪಾಯಿತು. ನಾನು ಒಂದು ತಿಂದೆ.

"ಒಂದಽ? ಇಪ್ಪತ್ತೆರಡು ಹೋಳಿಗಿ ಹೊಡದ ಗಂಡಸು!" ಎಂದರು ಹೆಂಡತಿಯ ಕಾಕಾ.

ಎರಡಾಯಿತು. ಮೂರಾಯಿತು. "ಸಾಕ್ರೀ," ಎಂದಳು ಹೆಂಡತಿ ಮೆಲ್ಲಗೆ.

"ನೋಡ್ರಿ, ತವರುಮನ್ಯಾಗೂ ಸಾಕಂತಾಳ!" ಎಂದು ಅತ್ತೆ ಎಲ್ಲರ ಮುಖ ನೋಡಿದರು.

ನಾಲ್ಕನೆಯದು, ಐದನೆಯದು ಹೊಟ್ಟೆಗೆ ಹೋದದ್ದು ಆ ಮಾತಿಗೆ. ಅವಳ ಮಾನ ಉಳಿಸಲು ತಿಂದೆನೆಂದೇ ಇಷ್ಟು ದಿನ ನಂಬಿದ್ದೇನೆ. ಅನಾರಸ ಬಹಳ ಚೆನ್ನಾಗಿದ್ದವು ಎಂಬುದೂ ನೆನಪಿದೆ; ಹಾಗಾಗಿ ನಂಬಿಕೆ ಪೂರ್ತಿ ಗಟ್ಟಿಯಿಲ್ಲ.

ಕಾಲು ತಾಸಿಗೆ ಅಂಗಿ ಒದ್ದೆಯಾಯಿತು, ಎದೆ ಡವಡವ ಹೊಡೆದುಕೊಂಡಿತು, ಕೂತಲ್ಲೇ ಉರುಳಿದೆ. ಕಣ್ಣು ತೆರೆದಾಗ ಹೆಂಡತಿ ಗಾಳಿ ಬೀಸುತ್ತಿದ್ದಳು. ಕಾಕಾ ಅತ್ತೆಗೆ ತಿಳಿಹೇಳುತ್ತಿದ್ದರು: "ವೈನೀ, ಶಾಸ್ತ್ರದಾಗ ಕೊಡು ಅಂತ ಅದ. ತಿನಸು ಅಂತ ಎಲ್ಲೆ ಅದ?" ಈ ಪಾಂಡಿತ್ಯವನ್ನು ಅವರು ಐದು ಅನಾರಸಗಳಷ್ಟು ಮೊದಲೇ ಪ್ರಕಟಿಸಬಹುದಿತ್ತು.

ಬಸ್ಸಿನಲ್ಲಿ ಹೆಂಡತಿ ಕೇಳಿದಳು: "ಯಾಕ ತಿಂದ್ರಿ?"

"ನಿನ್ನ ಹೆಸರು ಕೆಡಬಾರದಂತ."

"ಸತ್ತಿದ್ರ? ಉಪಾಸ ಕೆಡವಿದಳು ಅನ್ನೂದು ಬಿಟ್ಟು, ತಿನಿಸಿ ಕೊಂದಳು ಅಂತಿದ್ರು. ಅದು ಛೊಲೊ ಹೆಸರೇನು?"

ಎಂ.ಎ. ಆದ ನಾನು ಬಸ್ಸಿನ ಟಿಕೀಟನ್ನು ಎರಡೂ ಬದಿ ಓದಿದೆ.

ಮುಂದಿನ ಭಾನುವಾರ ಬೆಳಿಗ್ಗೆ ಏಳಕ್ಕೇ ಅತ್ತೆ ನಮ್ಮ ಮನೆಗೆ ಬಂದರು. ಹಾಲು ಕೇಳಲಿಲ್ಲ, ಚಹಾ ಕೇಳಲಿಲ್ಲ, ಒಲೆಯ ಬದಿಗೆ ಮಣೆ ಹಾಕಿಕೊಂಡು ತಪಾಸಣೆಗೆ ಕೂತರು. ಏಳೂವರೆಗೆ ಗಂಜಿ. ಹತ್ತಕ್ಕೆ ಮೆತ್ತಗಿನ ಅನ್ನ, ಮೊಸರು. ಹನ್ನೆರಡೂವರೆಗೆ ಬೇರೆ ಅನ್ನ, ತೊವ್ವೆ. ನಡುನಡುವೆ ಕಾಸಿ ಆರಿಸಿದ ನೀರು, ಅದಕ್ಕೆ ಬೇರೆ ಹೊತ್ತು. ಪ್ರತಿ ಸಲವೂ ಹೊಸದಾಗಿ ಬೇಯಿಸಬೇಕು, ತಿಕ್ಕಬೇಕು, ಮತ್ತೆ ಒಲೆ ಹಚ್ಚಬೇಕು. ಮಧ್ಯಾಹ್ನದ ತನಕ ಅತ್ತೆ ಮಗಳ ಕೈಯನ್ನೇ ನೋಡುತ್ತಿದ್ದರು. ಮೂರಕ್ಕೆ ತಾವೇ ಎದ್ದು ಪಾತ್ರೆ ತಿಕ್ಕಲು ಕೂತರು. ಐದಕ್ಕೆ ಮಗಳು ಮತ್ತೆ ಗಂಜಿಗಿಟ್ಟಾಗ ಸೆರಗಿನಿಂದ ಮುಖ ಒರೆಸಿಕೊಂಡರು.

"ಏ ನಮ್ಮವ್ವಾ, ಬಾಣಂತನದಾಗೂ ಇಷ್ಟು ಕೆಲಸ ಇರೂದಿಲ್ಲ." ನಂತರ ನನ್ನ ಕಡೆ ತಿರುಗಿದರು. "ನನ್ನ ಮಗಳು ಹ್ಯಾಂಗ ಸೊರಗ್ಯಾಳ! ನಿಮ್ಮ ಕಣ್ಣಿಗೆ ಕಾಣಸೂದಿಲ್ಲೇನ್ರಿ?"

ವಾರದೊಳಗೆ ಸಯನ್, ಮಾಟುಂಗದ ಮನೆಗಳಲ್ಲಿ ಸುದ್ದಿ ದಿಕ್ಕು ಬದಲಿಸಿತು: ದಿನಕ್ಕೆ ಆರು ಸಲ ಉಂಡು ಹೆಂಡತಿಯನ್ನು ಸವೆಸುತ್ತಿರುವ ಗಂಡ ನಾನು. ಈ ಸುದ್ದಿಯನ್ನು ನನಗೆ ಮುಟ್ಟಿಸುವಾಗ ಹೆಂಡತಿ ಏನೋ ಹಾಡು ಗುನುಗುತ್ತಿದ್ದಳು ಎಂದು ನನ್ನ ನೆನಪು. ಇಲ್ಲವೇ ಇಲ್ಲ ಎನ್ನುತ್ತಾಳೆ ಅವಳು.