ಗುರುಗ್ರಹದ ಹಿಂದೆ ಹಿಂದೆ

ಸಾಂಗ್ಲಿವಾಡಿಯ ನಮ್ಮ ಮನೆಯಿಂದ ನನ್ನ ಚಿಕ್ಕಪ್ಪ ಚಿಕ್ಕಮ್ಮ, ಅಂದರೆ ಕಾಕಾ ಮತ್ತು ಕಾಕು, ದಿನಾ ಬೆಳಿಗ್ಗೆ ಕೃಷ್ಣಾ ನದಿಯ ಸೇತುವೆ ದಾಟಿ ಸಾಂಗ್ಲಿಯ ಗುಡಿಗೆ ಹೋಗುತ್ತಿದ್ದರು. ಹೊರಡುವುದು ಒಟ್ಟಿಗೇ, ನಡೆಯುವುದು ಮಾತ್ರ ಬೇರೆ ಬೇರೆ. ಕಾಕಾ ಮುಂದೆ, ಕಾಕು ಇಪ್ಪತ್ತು ಹೆಜ್ಜೆ ಹಿಂದೆ. ಗಂಡನ ಸರಿಸಮ ನಡೆದರೆ ಹಿರಿಯರು ಏನೆಂದಾರು ಎಂದು ಮದುವೆಯಾದ ಹೊಸತರಲ್ಲಿ ಬಿಟ್ಟ ಅಂತರವದು. ಆ ಹಿರಿಯರೆಲ್ಲ ಹೋಗಿ ಎಷ್ಟೋ ಕಾಲವಾಯಿತು, ಅಂತರ ಹಾಗೇ ಉಳಿಯಿತು. ನಡುವೆ ಎಮ್ಮೆ ನುಗ್ಗಲಿ, ಟ್ರ್ಯಾಕ್ಟರ್ ನುಗ್ಗಲಿ, ಒಂದು ಹೆಜ್ಜೆ ಹೆಚ್ಚುಕಡಿಮೆ ಆಗುತ್ತಿರಲಿಲ್ಲ.

ಹೋದ ಮಳೆಗಾಲದಲ್ಲಿ ಕಾಕುವಿನ ಮೊಣಕಾಲು ಕೈಕೊಟ್ಟಿತು. ಮಿರಜದ ಡಾಕ್ಟರು ನೋಡಿ, "ನಡೀರಿ, ಆದ್ರ ಮಗ್ಗಲಕ್ಕ ಯಾರರ ಇರಬೇಕು. ಇಲ್ಲಂದ್ರ ಮನ್ಯಾಗ ಕುಂದ್ರಿ" ಎಂದರು. ಕಾಕುವಿನ ಮುಖ ಬಾಡಿತು. ಗುಡಿಯ ಕಟ್ಟೆಯ ಗೆಳತಿಯರಿಲ್ಲದೆ ಅವರಿಗೆ ದಿನ ಹೋಗುವುದಿಲ್ಲ. ಕಾಕಾ ಪಕ್ಕದಲ್ಲಿ ನಡೆದಿದ್ದರೆ ಸಾಕಿತ್ತು. ಆದರೆ ಮನೆಗೆ ಬಂದೊಡನೆ ಅವರು ಪೇಪರಿನ ಹಿಂದೆ ಅಡಗಿದರು.

"ಬ್ರಿಜ್ಜಿನ ಮ್ಯಾಲ ಹೆಂಡತಿ ಬಾಜೂಕ? ಮಂದಿ ಏನಂತಾರ!"

ಮರುದಿನ ನಾಷ್ಟಾ ಹೊತ್ತಿಗೆ, ವಿಶ್ರಾಮಬಾಗದ ಕಾಲೇಜಿನಲ್ಲಿ ಓದುವ ನನ್ನ ಮಗಳು ಕಾಕಾನ ತಾಟಿನ ನಡುವೆ ಚಟ್ನಿಯ ಬಟ್ಟಲಿಟ್ಟಳು. ಅದು ಸೂರ್ಯ. ಅಂಚಿನಲ್ಲಿಟ್ಟ ಬೇಸನ್ ಉಂಡಿ ಗುರುಗ್ರಹ. ಅದೇ ಅಂಚಿನಲ್ಲಿ, ಸುತ್ತಿನ ಆರರಲ್ಲಿ ಒಂದು ಪಾಲು ಹಿಂದೆ, ಒಂದು ಶೇಂಗಾಬೀಜ.

"ಅಜ್ಜಾ, ಇದು ಒಂದ್ ಕ್ಷುದ್ರಗ್ರಹ. ಗುರು ಹೋದ ದಾರ್ಯಾಗ ಹೋಗತೈತಿ. ಸೂರ್ಯನ ಸುತ್ತಾಕ ಇಬ್ಬರಿಗೂ ಹನ್ನೆರಡು ವರ್ಷ. ಮುಟ್ಟಂಗಿಲ್ಲ, ಬಿಡಂಗಿಲ್ಲ."

"ಯಾವಾಗಿಂದ ನಡದೈತಿ ಇದು?" ಕಾಕು ಕೇಳಿದರು.

"ಕೋಟಿಗಟ್ಟಲೆ ವರ್ಷ ಆತು ಅಜ್ಜಿ."

"ಅಯ್ಯ, ಹಂಗಾರ ನನ್ನ ಸಂಸಾರ ಇನ್ನೂ ಹೊಸಾದು!" ಎಂದು ನಕ್ಕ ಕಾಕು, ತಡೆದು ಮತ್ತೊಂದು ಕೇಳಿದರು, "ಗುರು ಒಮ್ಮಿಯರ ಹೊಳ್ಳಿ ನೋಡತಾನೇನ?"

ಕಾಕಾ ಗುರುಗ್ರಹವನ್ನು ಬಾಯಿಗೆ ಹಾಕಿಕೊಂಡರು.

ಆದರೆ ಮಾರನೆಯ ಬೆಳಿಗ್ಗೆ ಟೋಪಿ ಹಾಕಿ ಹೊಸ್ತಿಲಲ್ಲಿ ನಿಂತು, "ನಡಿ, ಮಗ್ಗಲಕ್ಕ ಬಾ" ಎಂದರು. ನಾನೂ ಹಾಲಿನ ನೆಪ ಮಾಡಿ ಹಿಂದೆ ಹೊರಟೆ. ಸೇತುವೆ ಹತ್ತಿದ್ದೇ ತಡ, ಕಾಕುವಿನ ಕಾಲು ತಾನಾಗಿ ಹಿಂದುಳಿಯಿತು. ಕಾಕಾ ನಿಧಾನಿಸಿದರು. ಅವರು ನಿಧಾನಿಸಿದ್ದು ಕಂಡು ಕಾಕು ಇನ್ನೂ ನಿಧಾನವಾದರು. ಕಾಕಾ ಮತ್ತೂ ನಿಧಾನ. ಕೊನೆಗೆ ಇಬ್ಬರೂ ನಟ್ಟನಡುವೆ ನಿಂತೇಬಿಟ್ಟರು! ಹಿಂದೆ ಸೈಕಲ್ಲು, ಸ್ಕೂಟರು, ಹಾರನ್ನಿನ ಗದ್ದಲ.

"ನೀವು ಮುಂದ ನಡೀರಿ, ನನಗ ರೂಢಿ ಇಲ್ಲ."

"ನನಗರ ಎಲ್ಲೈತಿ?"

ಕಾಕಾ ಆಚೀಚೆ ನೋಡಿ, ಕೆಮ್ಮಿ, ಕಾಕುವಿನ ಮಣಿಕಟ್ಟು ಹಿಡಿದುಕೊಂಡರು. ಮುಖ ಮಾತ್ರ ಕೃಷ್ಣೆಯ ಕಡೆಗಿತ್ತು, ಆ ಕೈ ಬೇರೆ ಯಾರದೋ ಎಂಬಂತೆ.

"ಮೆಲ್ಲಕ ಹಿಡೀರಿ," ಎಂದರು ಕಾಕು, ಹೆಜ್ಜೆ ಎತ್ತಿಡುತ್ತ. "ಬಳಿ ಒಡದ್ರ ಬಳಿಗಾರನ ಅಂಗಡಿಗೂ ಹಿಂಗ ಬರಬೇಕಾದೀತು."