ಹನ್ನೆರಡರ ನಂತರದ ಹೆರಿಗೆಗಳು

ನರ್ಸಬಾಯಿ ಕೆಲಸಕ್ಕೆ ನಿಂತರೆಂದರೆ ಮೊದಲು ಬಳೆಗಳನ್ನು ಮೊಳಕೈವರೆಗೆ ಸರಿಸಿ, ಬ್ಯಾಂಡೇಜಿನ ಬಟ್ಟೆಯಿಂದ ಬಿಗಿಯಾಗಿ ಕಟ್ಟಿಕೊಳ್ಳುತ್ತಿದ್ದರು. ಅದರ ಕಲೆ ಎರಡೂ ತೋಳುಗಳ ಮೇಲೆ ಕಾಯಂ ಆಗಿ ಉಳಿದಿತ್ತು. ಹುನಗುಂದದ ಆಚೆಗಿನ ನಮ್ಮೂರಿನ ಸಣ್ಣ ದವಾಖಾನೆಯಲ್ಲಿ ಅವರದು ಅರ್ಧ ದಿನದ ನೌಕರಿ, ಬೆಳಿಗ್ಗೆ ಎಂಟರಿಂದ ಹನ್ನೆರಡು. ಐವತ್ತರ ದಶಕದ ಮಾತು. ನಾನು ಅಲ್ಲಿ ಕಾರಕೂನ. ಕಾಯಿದೆ ಎಂದರೆ ನನಗೆ ಊಟಕ್ಕಿಂತ ರುಚಿ.

ಕೂಸುಗಳು ಹನ್ನೆರಡರ ಒಳಗೇ ಹುಟ್ಟುವುದಿಲ್ಲವಲ್ಲ. ಬಾಯಿ ಸಂಜೆತನಕ ಯಾರದೋ ಮನೆಯಲ್ಲಿರುತ್ತಿದ್ದರು. ಅಷ್ಟರಲ್ಲಿ ಮೇಲಿನಿಂದ ಸುತ್ತೋಲೆ ಬಂತು: ಅರ್ಧ ದಿನದ ನೌಕರರು ಹೆಚ್ಚು ಹೊತ್ತು ದುಡಿಯಬೇಕಾದರೆ ಮುಂಚಿತವಾಗಿ ಲಿಖಿತ ಅನುಮತಿ ಪಡೆಯತಕ್ಕದ್ದು, ಕಾರಣವನ್ನೂ ಬೇಕಾಗುವ ತಾಸುಗಳನ್ನೂ ಕಾಣಿಸತಕ್ಕದ್ದು, ತಪ್ಪಿದರೆ ನೌಕರಿಯಿಂದ ತೆಗೆಯಲಾಗುವುದು. ನಾನು ಅದನ್ನು ದುಂಡಗೆ ನಕಲು ಮಾಡಿ ಗೋಡೆಗೆ ಅಂಟಿಸಿ, ಅವರಿಗೆ ಗಟ್ಟಿಯಾಗಿ ಓದಿ ಹೇಳಿದೆ.

"ಕೂಸಿಗೂ ಓದಿ ಹೇಳ್ರಿ ಸಾಹೇಬ್ರ," ಎಂದರು. "ಅದು ನನ್ನ ಮಾತ ಕೇಳೂದಿಲ್ಲ."

ಎರಡು ತಿಂಗಳೊಳಗೆ ನನ್ನ ಹೆಂಡತಿಗೇ ನೋವು ಶುರುವಾಯಿತು, ಮಧ್ಯಾಹ್ನ ಒಂದಕ್ಕೆ. ಅನುಮತಿ ಕೊಡಬೇಕಾದ ಡಾಕ್ಟರು ಬಾಗಲಕೋಟೆಗೆ ಹೋಗಿದ್ದರು. ಓಡಿಹೋಗಿ ಬಾಯಿಯನ್ನು ಕರೆದೆ. ಊಟ ಬಿಟ್ಟು ಎದ್ದು ಬಂದವರು ನಮ್ಮ ಹೊಸ್ತಿಲಲ್ಲಿ ಬಳೆ ಕಟ್ಟಿಕೊಳ್ಳುತ್ತ, "ಅರ್ಜಿ ಬರದೀರೇನ್ರಿ?" ಎಂದು ಕೇಳಿದರು. ನಾನು ಕಂಗಾಲಾದೆ.

"ಬರೀರಿ. ನನ್ನ ನೌಕರಿ ನಿಮ್ಮ ಕೈಯಾಗ ಐತಿ, ನಿಮ್ಮ ಹೇಣ್ತಿ ನನ್ನ ಕೈಯಾಗ," ಎಂದವರೇ ಒಳಗೆ ಹೋಗಿ ಕದ ಹಾಕಿಕೊಂಡರು.

ಕಟ್ಟೆಯ ಮೇಲೆ ಕೂತು ಬರೆದೆ. ಕಾರಣ, ಹೆರಿಗೆ. ತಾಸು ಎಷ್ಟೆಂದು ತಿಳಿಯಲಿಲ್ಲ. ಕದದ ಬಳಿ ಹೋಗಿ, "ಬಾಯಿ, ಅಂದಾಜು ಎಷ್ಟ ತಾಸು ಬರೀಲ್ರಿ?" ಎಂದೆ. ಉತ್ತರ ಕೊಟ್ಟವಳು ಹೆಂಡತಿ.

"ಆ ಕಾಗದಾ ಒಯ್ದು ಒಲ್ಯಾಗ ಹಾಕ್ರಿ."

ದೀಪ ಹಚ್ಚುವ ಹೊತ್ತಿಗೆ ಮಗ ಅತ್ತ. ಬಾಯಿ ಹೊರಬಂದು ಗೋಡೆಗೆ ಒರಗಿದರು. ಬಳೆಯ ಕಟ್ಟು ಬಿಚ್ಚಿದರು. "ಕಾಲು ಮುಂದ ಬಂದಿತ್ರಿ. ಇಬ್ಬರೂ ಉಳದ್ರು," ಎಂದರು. ನಾನು ನಾಚಿಕೆ ಬಿಟ್ಟು ಅತ್ತೆ.

ಮರುದಿನ ಡಾಕ್ಟರ ಮುಂದೆ ನಿಂತು, "ಅನುಮತಿ ಇಲ್ಲದ ಕರದಾಂವ ನಾನ. ತೆಗೆಯೂದಿದ್ರ ನನ್ನ ತೆಗೀರಿ," ಎಂದೆ. ಅವರು ನಕ್ಕರು. "ಬಾಯಿಗೆ ವರ್ಷಪೂರ್ತಿ ಒಂದ ಅನುಮತಿ ಬರೀರಿ. ಕಾರಣದ ಜಾಗಾದಾಗ ಊರಿನ ಹೆಸರು ಹಾಕ್ರಿ," ಎಂದು ಸಹಿ ಮಾಡಿದರು. ಅಲ್ಲಿಂದ ಪ್ರತಿ ವರ್ಷ ಅದನ್ನು ನಾನೇ ಬರೆಯುತ್ತಿದ್ದೆ.

ಬಾಯಿ ತೀರಿಕೊಂಡಾಗ ಮಗನಿಗೆ ಇಪ್ಪತ್ತು. ಜನಾಜಾದ ಮಂಚಕ್ಕೆ ಹೆಗಲು ಕೊಡಲು ಅವನೂ ಅವನ ಓರಗೆಯವರೂ ಜಾತಿ ನೋಡದೆ ಸರತಿ ನಿಂತಿದ್ದರು. ನಾನು ಯಾರ ಅನುಮತಿಯನ್ನೂ ಕೇಳದೆ ಕಚೇರಿ ಬಿಟ್ಟು ಅವರ ಹಿಂದೆ ನಡೆದೆ. ಅರ್ಜಿಯ ನೆನಪೇ ಆಗಲಿಲ್ಲ.